ಸಹಾಯ ಬೇಕು: ಮಗಳು ಈಜು ಬಿಡ್ತೀನಿ ಅಂತಾಳೆ, ಅವರಪ್ಪ ಕೇಳ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಗಳಿಗೆ 11 ವರ್ಷ. ನೀರಿಗಿಳಿದ್ರೆ ಮೇಲೆ ಬರೋಕೇ ಒಲ್ಲೆ ಅಂತಿದ್ದ ಹುಡುಗಿ, ಈಗ ಸ್ಪರ್ಧೆಯ ಹಿಂದಿನ ರಾತ್ರಿ ಹೊಟ್ಟೆನೋವು ಅಂತ ಅಳ್ತಾಳೆ. ಭುಜನೂ ನೋಯ್ತಿದೆ ಅಂತಿದ್ಲು, ಡಾಕ್ಟರಿಗೆ ತೋರಿಸಿದೆ. ಹೊಟ್ಟೆನೋವು ಆತಂಕದಿಂದ, ಭುಜದ ನೋವು ಅತಿಯಾದ ಅಭ್ಯಾಸದಿಂದ ಅಂದ್ರು. ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು, ವರ್ಷಕ್ಕೆ ಎರಡು ಮೂರು ತಿಂಗಳು ಆ ಆಟದಿಂದಲೇ ದೂರ ಇರಬೇಕಂತೆ.

ನಮ್ಮನೆಯವರು ಒಪ್ಪಲ್ಲ. ಸ್ಟಾಪ್‌ವಾಚ್ ಹಿಡ್ಕೊಂಡು ಗ್ಯಾಲರಿಯಲ್ಲಿ ಕೂರ್ತಾರೆ. ವಾಪಸ್ ಬರುವಾಗ ಕಾರಿನಲ್ಲಿ ಇಡೀ ದಾರಿ ಅರ್ಧ ಸೆಕೆಂಡಿನ ಲೆಕ್ಕ. ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿರ್ತಾಳೆ, ನೋಡೋಕಾಗಲ್ಲ ನನಗೆ. ಅವರು ಕೆಟ್ಟ ಅಪ್ಪ ಅಲ್ಲ, ತಮಗೆ ಸಿಗದ ಅವಕಾಶ ಅವಳಿಗೆ ಸಿಗಲಿ ಅನ್ನೋ ಆಸೆ. ಕೋಚ್ ಕೈಲೂ ಹೇಳಿಸಿದೆ. ಒಂದು ವಾರ ಸುಮ್ಮನಿದ್ರು, ಆಮೇಲೆ ಮತ್ತದೇ.

ನನ್ನ ಹತ್ರ "ಬಿಡ್ತೀನಮ್ಮ" ಅನ್ನೋಳು ಅಪ್ಪನ ಎದುರು "ಇಲ್ಲಪ್ಪ, ನಂಗಿಷ್ಟ" ಅಂತಾಳೆ. ನನಗೆ ಗೊತ್ತಾಗ್ತಿಲ್ಲದೇ ಇರೋದು ಇದೇ. ಅವಳಿಗೆ ಬೇಡವಾಗಿರೋದು ಈಜೋ, ಈ ಒತ್ತಡವೋ?

ಇದನ್ನ ದಾಟಿ ಬಂದವರು ದಯವಿಟ್ಟು ಹೇಳಿ. ಸ್ಪರ್ಧೆ ಮಾತ್ರ ನಿಲ್ಲಿಸಿ ಈಜು ಮುಂದುವರಿಸಿದ್ರಾ, ಇಲ್ಲ ಕೆಲವು ತಿಂಗಳು ಪೂರ್ತಿ ಬಿಡಿಸಿದ್ರಾ? ಮಗುವಿನ ಅಪ್ಪನನ್ನ ಅದಕ್ಕೆ ಹೇಗೆ ಒಪ್ಪಿಸಿದ್ರಿ?