ಪೆಡಲ್ ಸ್ಟೀಲ್ ನುಡಿಸಲು ಹಳೆಯ ಆಂಪ್ಲಿಫೈಯರ್: ಯಾವುದನ್ನು ಕೊಳ್ಳಲಿ?

ಕೇಳಿದವರು, ನ್ಯಾಶ್‌ವಿಲ್‌ನಿಂದ:

ಎಲ್ಲರಿಗೂ ನಮಸ್ಕಾರ. ನನ್ನೂರು ಧಾರವಾಡ, ಏಳು ವರ್ಷಗಳಿಂದ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಕೆಲಸದಲ್ಲಿದ್ದೇನೆ. ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರ್ ಮೊದಲೇ ಕಲಿತಿದ್ದೆ. ಎರಡು ವರ್ಷಗಳ ಹಿಂದೆ ಹತ್ತು ತಂತಿಯ ಪೆಡಲ್ ಸ್ಟೀಲ್ (ಕಾಲಿನಿಂದ ಪೆಡಲ್ ಒತ್ತಿ ತಂತಿಗಳ ಸ್ವರ ಬದಲಿಸುವ ಗಿಟಾರ್) ಕೊಂಡು, ತಂತಿಗಳನ್ನು ಇ9 ಎಂಬ ಶ್ರುತಿಗೆ ಕೂಡಿಸಿ ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಬಳಿ ಇರುವುದು 22 ವ್ಯಾಟ್‌ನ ಫೆಂಡರ್ ಡೀಲಕ್ಸ್ ರಿವರ್ಬ್. ಮನೆಯಲ್ಲಿ ಅದರ ದನಿ ಬಲು ಇಂಪು. ಆದರೆ ಡ್ರಮ್ ಜೊತೆಗೆ ಕುಳಿತ ದಿನ, ವಾಲ್ಯೂಮ್ ಅರ್ಧ ದಾಟಿಸಿದೊಡನೆ ಮೂರು ತಂತಿ ಒಟ್ಟಿಗೆ ಮೀಟಿದರೆ ದನಿ ಒಡೆಯುತ್ತದೆ. ಹಾಗಾಗಿ ದೊಡ್ಡದೊಂದು ಹಳೆಯ ಆಂಪ್ ಹುಡುಕುತ್ತಿದ್ದೇನೆ. ಇಲ್ಲಿ ಎರಡು ಕಣ್ಣಿಗೆ ಬಿದ್ದಿವೆ: 1970ರ ದಶಕದ, ಬೆಳ್ಳಿ ಬಣ್ಣದ ಫಲಕದ ಫೆಂಡರ್ ಟ್ವಿನ್ ರಿವರ್ಬ್ ಮತ್ತು ಅದೇ ದಶಕದ ಪೀವಿ ಸೆಷನ್ 400. ಎರಡು ವರ್ಷಗಳಲ್ಲಿ ಬೆಂಗಳೂರಿಗೆ ಮರಳುವ ಯೋಚನೆಯೂ ಇದೆ. ಸ್ವತಃ ನುಡಿಸಿದವರು, ರಿಪೇರಿ ಮಾಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಟೆಕ್ಸಾಸ್‌ನಿಂದ, ಹದಿನೈದು ವರ್ಷಗಳಿಂದ ಸ್ಟೀಲ್ ನುಡಿಸುವವರು:

ನಿಮ್ಮ ಡೀಲಕ್ಸ್‌ನಲ್ಲಿ ದೋಷವೇನೂ ಇಲ್ಲ. ನೀವು ಅದರಿಂದ ಕೇಳುತ್ತಿರುವ ಕೆಲಸ ಅದರ ಅಳತೆಗೆ ಮೀರಿದ್ದು. ಸಾಮಾನ್ಯ ಗಿಟಾರ್ ನುಡಿಸುವವರು ಆಂಪ್‌ನ ಒಡಕು ದನಿಯನ್ನೇ ಇಷ್ಟಪಟ್ಟು ಹುಡುಕುತ್ತಾರೆ, ಆದ್ದರಿಂದ ಹಳೆಯ ಆಂಪ್‌ಗಳ ಬಗ್ಗೆ ಅವರು ಹೇಳುವ ಹೊಗಳಿಕೆಯಲ್ಲಿ ಬಹುಪಾಲು ನಮಗೆ ಅನ್ವಯಿಸುವುದಿಲ್ಲ. ಸ್ಟೀಲ್‌ಗೆ ಬೇಕಾದದ್ದು ತಿಳಿ ದನಿ, ಮತ್ತು ಆ ತಿಳಿತನ ಕೆಡದಂತೆ ಉಳಿಯುವಷ್ಟು ಮೀಸಲು ಶಕ್ತಿ.

ಕಾರಣ ನಮ್ಮ ಬಲಗಾಲಿನ ಕೆಳಗಿದೆ. ನಾವು ತಂತಿ ಮೀಟುವಾಗ ವಾಲ್ಯೂಮ್ ಪೆಡಲ್ ಅರ್ಧದಷ್ಟೇ ಒತ್ತಿರುತ್ತೇವೆ. ಸ್ವರ ಕುಗ್ಗುತ್ತಾ ಹೋದಂತೆ ಪೆಡಲನ್ನು ನಿಧಾನವಾಗಿ ಕೆಳಕ್ಕೆ ಒತ್ತಿ, ಕುಗ್ಗಿದ್ದನ್ನು ತುಂಬಿಕೊಡುತ್ತೇವೆ. ಸ್ಟೀಲ್‌ನ ಸ್ವರ ಪಿಟೀಲಿನಂತೆ ಉದ್ದಕ್ಕೆ ನಿಲ್ಲುವುದು ಹೀಗೆ. ಅಂದರೆ ಆಂಪ್‌ನ ವಾಲ್ಯೂಮ್ ತಿರುಗಿಸುವ ಗುಬ್ಬಿಯನ್ನು ನಾವು ಕೇಳುವ ಮಟ್ಟಕ್ಕಿಂತ ಬಹಳ ಮೇಲೆಯೇ ಇಟ್ಟಿರಬೇಕಾಗುತ್ತದೆ, ಮತ್ತು ಪೆಡಲ್ ಕೆಳಗಿರುವಾಗಲೇ ಮತ್ತೆ ಮೀಟಿದರೆ ಆ ಏಟು ಆ ಮಟ್ಟದಲ್ಲೇ ಬಂದು ಬೀಳುತ್ತದೆ. ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ, ಸಣ್ಣ ಸಭಾಂಗಣದಲ್ಲಿ ನುಡಿಸುವ ಸ್ಟೀಲ್ ವಾದಕರು 100, 200 ವ್ಯಾಟ್‌ನ ಆಂಪ್ ಏಕೆ ಹೊರುತ್ತಾರೆ ಎಂಬುದು ಅರ್ಥವಾಗುತ್ತದೆ. ಅವರು ಜೋರಾಗಿ ನುಡಿಸುತ್ತಿಲ್ಲ, ಒಡೆಯದಂತೆ ನುಡಿಸುತ್ತಿದ್ದಾರೆ.

ಇನ್ನೊಂದು ವಿಷಯ, ಇದನ್ನು ಒತ್ತಿ ಹೇಳಬೇಕಾಗಿದೆ. ಆಂಪ್ ಒಡೆಯಲು ಶುರುವಾದಾಗ ಒಟ್ಟಿಗೆ ನುಡಿಯುವ ಎರಡು ಸ್ವರಗಳು ಒಂದಕ್ಕೊಂದು ಬೆರೆತು, ನಾವು ಮೀಟದ ಬೇರೆ ಸ್ವರಗಳನ್ನು ಹುಟ್ಟಿಸುತ್ತವೆ. ಒಂಟಿ ಸ್ವರದಲ್ಲಿ ಇದು ಅಷ್ಟಾಗಿ ಕೇಳಿಸದು. ಮೂರನೆಯ ಫ್ರೆಟ್‌ನಲ್ಲಿ ಜಿ ಸ್ವರಮೇಳ ಹಿಡಿದು, ವಾದ್ಯದ ಎ ಮತ್ತು ಬಿ ಎಂಬ ಸ್ವರ ಏರಿಸುವ ಪೆಡಲ್‌ಗಳನ್ನು ಒಟ್ಟಿಗೆ ಒತ್ತಿ ಸಿ ಮೇಳಕ್ಕೆ ಜಾರುವಾಗ ನೋಡಿ: ಒಂದು ತಂತಿ ನಿಂತಲ್ಲೇ ನಿಂತು ಇನ್ನೆರಡು ಮೇಲೇರುತ್ತವೆ, ಆಗ ಆ ಕಳ್ಳ ಸ್ವರಗಳು ಅಡಿಯಲ್ಲಿ ಅಡ್ಡಾದಿಡ್ಡಿ ಓಡಾಡುತ್ತವೆ. ಈ ವಾದ್ಯದ ಜೀವವೇ ಆ ಜಾರು. ಅದನ್ನು ಕೆಸರು ಮಾಡುವ ಆಂಪ್ ಎಷ್ಟೇ ಹಳೆಯದಾಗಿರಲಿ, ಎಷ್ಟೇ ಹೆಸರಾಂತದ್ದಾಗಿರಲಿ, ನಮಗೆ ಬೇಡ.

ಇನ್ನು ನಿಮ್ಮ ಎರಡು ಆಯ್ಕೆಗಳು. ಟ್ವಿನ್ ರಿವರ್ಬ್ ನಾಲ್ಕು 6ಎಲ್6 ಔಟ್‌ಪುಟ್ ವಾಲ್ವ್ (ಗಾಜಿನ ನಿರ್ವಾತ ನಳಿಕೆ), ಎರಡು 12 ಇಂಚಿನ ಸ್ಪೀಕರ್ ಇರುವ ಆಂಪ್. 1960ರ ದಶಕದ ಕಪ್ಪು ಫಲಕದವು 85 ವ್ಯಾಟ್. ಬೆಳ್ಳಿ ಫಲಕದವು 1970ರ ದಶಕದಲ್ಲಿ 100ಕ್ಕೆ, ದಶಕದ ಕೊನೆಗೆ 135ಕ್ಕೆ ಏರಿದವು. ಗಿಟಾರ್‌ನವರು ಕಪ್ಪು ಫಲಕಕ್ಕೆ ಹೆಚ್ಚು ದುಡ್ಡು ಕೊಡುತ್ತಾರೆ, ಏಕೆಂದರೆ ಅದು ಬೇಗ ಒಡೆಯುತ್ತದೆ. ನಮಗೆ ತಡವಾಗಿ ಒಡೆಯುವ ಬೆಳ್ಳಿ ಫಲಕವೇ ಮೇಲು, ಬೆಲೆಯೂ ಕಡಿಮೆ. ಟ್ವಿನ್‌ನಲ್ಲಿ ನಡು ಕಂಪನಗಳನ್ನು ಏರಿಳಿಸುವ ಮಿಡಲ್ ಗುಬ್ಬಿ ಪ್ರತ್ಯೇಕವಾಗಿ ಇರುವುದು ನಮಗೆ ದೊಡ್ಡ ಅನುಕೂಲ. ಸ್ಟೀಲ್‌ನ ಪಿಕಪ್‌ನಿಂದ ಬರುವ ಸಂಕೇತ ಬಲವಾದದ್ದು, ನಡು ಕಂಪನಗಳಲ್ಲಿ ಮೂಗಿನಿಂದ ಹಾಡಿದಂತೆ ಕೇಳಿಸುವಂಥದ್ದು. ಆ ಮಿಡಲ್ ಇಳಿಸಿದರೆ ದನಿ ತೆರೆದುಕೊಳ್ಳುತ್ತದೆ.

ಸೆಷನ್ 400 ವಾಲ್ವ್ ಆಂಪ್ ಅಲ್ಲ, ಟ್ರಾನ್ಸಿಸ್ಟರ್‌ನದು: 200 ವ್ಯಾಟ್, ಒಂದೇ 15 ಇಂಚಿನ ಸ್ಪೀಕರ್. ಮಿಸಿಸಿಪಿಯ ಮೆರಿಡಿಯನ್‌ನಲ್ಲಿ ತಯಾರಾದ ಈ ಆಂಪ್ ಸ್ಟೀಲ್ ವಾದಕರಲ್ಲಿ ಎಷ್ಟು ಬಳಕೆಗೆ ಬಂತೆಂದರೆ, ಅದರ ಹಾದಿಯಲ್ಲೇ ಮುಂದೆ ಪೀವಿಯದೇ ನ್ಯಾಶ್‌ವಿಲ್ 400 ಎಂಬ ಆಂಪ್ ಬಂದು, ದಶಕಗಳ ಕಾಲ ವೇದಿಕೆಗಳಲ್ಲಿ ನೆಲೆ ನಿಂತಿತು. 15 ಇಂಚಿನ ಸ್ಪೀಕರ್ ಕೇವಲ ಮಂದ್ರಕ್ಕಾಗಿ ಅಲ್ಲ. ಪೆಡಲ್ ಸ್ಟೀಲ್‌ನ ಇನ್ನೊಂದು ಶ್ರುತಿಯಾದ ಸಿ6ರ ಕೊನೆಯ ತಂತಿ 65 ಹರ್ಟ್ಸ್‌ವರೆಗೆ ಇಳಿಯುವುದರಿಂದ ಅಲ್ಲಿ ಅದು ಬೇಕೇ ಬೇಕು. ಇ9ನಲ್ಲಿ ಅದರ ಉಪಯೋಗ ಮೇಲಿನ ತುದಿಯಲ್ಲಿ. ಮೂರನೆಯ ತಂತಿಯನ್ನು ಹದಿನೈದನೆಯ ಫ್ರೆಟ್‌ನಲ್ಲಿ ಮೀಟಿದಾಗ 12 ಇಂಚಿನವು ಸೂಜಿಯಂತೆ ಚುಚ್ಚಿದರೆ, 15 ಇಂಚಿನದು ಅದೇ ಸ್ವರವನ್ನು ದುಂಡಗೆ ಮಾಡಿ ಕೊಡುತ್ತದೆ. 1953ರಲ್ಲೇ ಕ್ಯಾಲಿಫೋರ್ನಿಯಾದ ಬಾಬ್ ಕ್ರೂಕ್ಸ್ ತಮ್ಮ ಸ್ಟ್ಯಾಂಡೆಲ್ 25ಎಲ್15 ಆಂಪ್‌ಗೆ 15 ಇಂಚಿನ ಜೆಬಿಎಲ್ ಡಿ130 ಸ್ಪೀಕರ್ ಹಾಕಿದ್ದರು. ಆ ಆಂಪ್ ಬಳಸಿದ ಸ್ಪೀಡಿ ವೆಸ್ಟ್ ಅವರ ಮಿಂಚಿನಂಥ ಸ್ಟೀಲ್ ವಾದನವನ್ನು ಕೇಳಿದವರಿಗೆ ಆ ಜೋಡಿಯ ಬೆಲೆ ಗೊತ್ತು.

ನನ್ನ ಅಭಿಪ್ರಾಯ ಕೇಳಿದರೆ, ಸ್ಟೀಲ್‌ಗೆ ಮಾತ್ರವೇ ಆದರೆ ಸೆಷನ್ 400. ಸಾಮಾನ್ಯ ಗಿಟಾರ್ ಕೂಡ ಅದರಲ್ಲೇ ನುಡಿಸುವುದಿದ್ದರೆ ಟ್ವಿನ್.

ಶಿಕಾಗೊದಿಂದ, ಹಳೆಯ ಆಂಪ್ ಮತ್ತು ರೇಡಿಯೊ ರಿಪೇರಿ ಹವ್ಯಾಸವಿರುವವರು:

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದನ್ನು ಸೇರಿಸಬೇಕು. ಐವತ್ತು ವರ್ಷದ ಆಂಪ್ ಕೊಳ್ಳುವಾಗ ಮಾದರಿಯ ಹೆಸರಿಗಿಂತ ಆ ಒಂದು ಪೆಟ್ಟಿಗೆಯ ಸ್ಥಿತಿ ಮುಖ್ಯ. ನಾನು ಮೊದಲ ಬಾರಿ ಕೊಂಡದ್ದು, ಒಳಗಿನ ಒಂದು ಬಿಡಿಭಾಗವನ್ನೂ ಬದಲಿಸಿಲ್ಲ ಎಂದು ಮಾರುವವರು ಹೆಮ್ಮೆಯಿಂದ ಹೇಳಿದ ವಾಲ್ವ್ ಆಂಪ್. ಆ ಹೆಮ್ಮೆಗೆ ಮನಸೋತು ಕೇಳಿದ ಬೆಲೆ ಕೊಟ್ಟೆ. ಮೂರನೆಯ ವಾರ, ನುಡಿಸುತ್ತಿದ್ದಾಗಲೇ ವಿದ್ಯುತ್ ಶುದ್ಧೀಕರಿಸುವ ದೊಡ್ಡ ಕೆಪಾಸಿಟರ್ ಒಂದು ಉಬ್ಬಿ ಒಡೆದು, ಜೊತೆಗೆ ಪವರ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟಿತು. ಆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಒಳಗಿನ ದ್ರವ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಣಗುತ್ತದೆ. ಬಳಸದೆ ಇಟ್ಟರೂ ಒಣಗುತ್ತದೆ. ಆದ್ದರಿಂದ ಅವುಗಳನ್ನು ಬದಲಿಸಿದ ಆಂಪ್ ಸಿಕ್ಕರೆ ಅದನ್ನು ಕಡಿಮೆ ಎಂದು ತಿಳಿಯಬೇಡಿ, ಅದಕ್ಕೆ ಹೆಚ್ಚು ಬೆಲೆ ಕೊಡಿ.

ಪರೀಕ್ಷೆಗೆ ನಿಮ್ಮದೇ ಸ್ಟೀಲ್, ನಿಮ್ಮದೇ ವಾಲ್ಯೂಮ್ ಪೆಡಲ್ ಒಯ್ಯಿರಿ. ಆಂಪ್ ಹಾಕಿ ಅರ್ಧ ಗಂಟೆ ಬಿಸಿಯಾಗಲು ಬಿಡಿ, ಏಕೆಂದರೆ ಹಲವು ರೋಗಗಳು ತಣ್ಣಗಿದ್ದಾಗ ಕಾಣಿಸುವುದಿಲ್ಲ. ಆಮೇಲೆ ರಿವರ್ಬ್ (ಮಾರ್ದನಿ), ಟ್ರೆಮೊಲೊ (ದನಿಯ ನಡುಕ) ಎಲ್ಲವನ್ನೂ ಸೊನ್ನೆಗಿಳಿಸಿ, ಹನ್ನೆರಡನೆಯ ಫ್ರೆಟ್‌ನಿಂದ ಮೇಲಕ್ಕೆ ಒಂದೇ ತಂತಿಯಲ್ಲಿ ಎಡಗೈಯ ಉಕ್ಕಿನ ಬಾರನ್ನು ಮೆಲ್ಲಗೆ ಜಾರಿಸಿ, ಪೆಡಲನ್ನು ಪೂರ್ತಿ ಒತ್ತಿ. ನೀವು ನುಡಿಸುವ ಸ್ವರದ ಕೆಳಗೆ, ಅದಕ್ಕೆ ಯಾವ ಶ್ರುತಿ ಸಂಬಂಧವೂ ಇಲ್ಲದ ಇನ್ನೊಂದು ಮಸುಕು ಸ್ವರ ಬೇರೆಯೇ ದಾರಿ ಹಿಡಿದು ಚಲಿಸುವುದು ಕೇಳಿಸಿದರೆ, ಕೆಪಾಸಿಟರ್‌ಗಳು ಮುಗಿದಿವೆ ಎಂದು ಬಹುಮಟ್ಟಿಗೆ ಹೇಳಬಹುದು. ಅವು ಸೋತಾಗ 120 ಹರ್ಟ್ಸ್‌ನ ಅಲೆ ವಿದ್ಯುತ್ತಿನಲ್ಲೇ ಉಳಿದು, ನಿಮ್ಮ ಸ್ವರದೊಡನೆ ಬೆರೆತು ಈ ನೆರಳು ಸ್ವರವನ್ನು ಹುಟ್ಟಿಸುತ್ತದೆ. ಫ್ರೆಟ್ ಗಿಟಾರ್ ನುಡಿಸುವವರು ಇದನ್ನು ವರ್ಷಗಟ್ಟಲೆ ಗಮನಿಸದೆ ಇರಬಹುದು. ಜಾರುವ ಬಾರಿನ ಕೆಳಗೆ ಅದು ಕೂಡಲೇ ಸಿಕ್ಕಿಬೀಳುತ್ತದೆ.

ಸ್ಪೀಕರನ್ನೂ ಕೇಳಿ ನೋಡಿ. ಕೆಳಗಿನ ತಂತಿ ಮೀಟಿದಾಗ ಕೆರೆದಂತಹ ಸದ್ದು ಬಂದರೆ ಸ್ಪೀಕರ್ ಒಳಗಿನ ತಂತಿ ಸುರುಳಿ (ಕಾಯಿಲ್) ಉಜ್ಜುತ್ತಿದೆ ಎಂದರ್ಥ, ಮತ್ತು ಹಳೆಯ ಜೆಬಿಎಲ್‌ಗೆ ಹೊಸ ಕೋನ್ ಹಾಕಿಸುವುದು ಅಗ್ಗದ ಕೆಲಸವಲ್ಲ. ಹಿಂಬದಿಯಲ್ಲಿ ಪ್ರೀಆಂಪ್ ಔಟ್, ಪವರ್ ಆಂಪ್ ಇನ್ ಎಂಬ ಜಾಕ್‌ಗಳಿರುವ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ದನಿ ನಡುನಡುವೆ ಕುಗ್ಗಿದರೆ ಗಾಬರಿಯಾಗಬೇಡಿ. ಜಾಕ್‌ನ ಒಳಗಿನ ಸಂಪರ್ಕಕ್ಕೆ ಕಿಲುಬು ಹಿಡಿದಿರುತ್ತದೆ, ಅವೆರಡನ್ನೂ ಒಂದು ಚಿಕ್ಕ ಕೇಬಲ್‌ನಿಂದ ಸೇರಿಸಿದರೆ ಸರಿಹೋಗುತ್ತದೆ. ಎರಡೇ ಪಿನ್ನಿನ ಹಳೆಯ ವೈರ್ ಇದ್ದರೆ ಮೂರು ಪಿನ್ನಿನದನ್ನು ಹಾಕಿಸಿ, ಆಮೇಲೆ ನುಡಿಸಿ. ಸ್ಟೀಲ್ ವಾದಕರ ಎರಡೂ ಕೈ ಸದಾ ಲೋಹದ ಮೇಲೆ ಇರುತ್ತವೆ. ಮತ್ತು ದಯವಿಟ್ಟು ವಾಲ್ವ್ ಆಂಪ್‌ನ ಹಿಂಭಾಗವನ್ನು ನೀವಾಗಿ ಬಿಚ್ಚಬೇಡಿ: ಪ್ಲಗ್ ತೆಗೆದ ಮೇಲೂ ಅದರೊಳಗೆ 400 ವೋಲ್ಟ್‌ಗೂ ಹೆಚ್ಚು ವಿದ್ಯುತ್ ನಿಂತಿರಬಹುದು.

ಅಟ್ಲಾಂಟಾದಿಂದ:

ತೂಕದ ಬಗ್ಗೆ ಯಾರೂ ಹೇಳಿಲ್ಲ. ಟ್ವಿನ್ ಸುಮಾರು 29 ಕೆ.ಜಿ. ಇದೆ, ಪೆಡಲ್ ಸ್ಟೀಲ್‌ನ ಪೆಟ್ಟಿಗೆಯೂ ಹತ್ತಿರ ಹತ್ತಿರ ಅಷ್ಟೇ ತೂಗುತ್ತದೆ, ಮತ್ತು ಎರಡನ್ನೂ ಹೊರುವವರು ನೀವೊಬ್ಬರೇ. ಸೆಷನ್ 400 ಅದಕ್ಕಿಂತ ಹಗುರ ಎಂದು ಭಾವಿಸಬೇಡಿ. ಅಡಿಗೆ ಚಕ್ರ ಹಾಕಿಸಿಕೊಳ್ಳಿ. ನಾನು ಹಾಕಿಸಿಕೊಳ್ಳುವ ಮೊದಲೇ ಸೊಂಟಕ್ಕೆ ಪೆಟ್ಟು ಮಾಡಿಕೊಂಡು ನಾಲ್ಕು ತಿಂಗಳು ವಾದ್ಯ ಮುಟ್ಟಲಾಗಲಿಲ್ಲ.

ಬೆಂಗಳೂರಿನಿಂದ, ಅಮೆರಿಕದಿಂದ ಆಂಪ್ ತಂದವರು:

ಎರಡು ವರ್ಷದ ನಂತರದ ಮಾತನ್ನು ಈಗಲೇ ಯೋಚಿಸುತ್ತಿರುವುದು ಒಳ್ಳೆಯದು. ಅಲ್ಲಿಯ ಆಂಪ್ 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜ್ ಇಳಿಸಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು, ಆದರೆ ಅದು ಹರ್ಟ್ಸ್ ಬದಲಿಸುವುದಿಲ್ಲ. 50 ಹರ್ಟ್ಸ್‌ನಲ್ಲಿ ಆಂಪ್‌ನ ಸ್ವಂತ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಮೇಲೆ ಕಾಂತದ ಹೊರೆ ಐದನೇ ಒಂದು ಪಾಲು ಹೆಚ್ಚುತ್ತದೆ, ಅದು ಬಿಸಿಯಾಗಿ ಗುಂಯ್‌ಗುಡುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ, 120ರ ಬದಲು 110 ವೋಲ್ಟ್ ಕೊಡುವ ಸ್ಟೆಪ್‌ಡೌನ್ ಬಳಸುವುದು. ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ, ದನಿಯಲ್ಲಿ ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ. ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ 1 ಕೆವಿಎ (1000 ವೋಲ್ಟ್-ಆಂಪಿಯರ್) ಸಾಮರ್ಥ್ಯಕ್ಕಿಂತ ಕಡಿಮೆಯದನ್ನು ತೆಗೆದುಕೊಳ್ಳಬೇಡಿ, ಮತ್ತು ಎರಡು ಸುರುಳಿ ಬೇರೆ ಬೇರೆಯಾಗಿರುವುದನ್ನೇ ಕೇಳಿ. ಒಂದೇ ಸುರುಳಿಯ ಆಟೊ ಟ್ರಾನ್ಸ್‌ಫಾರ್ಮರ್ ಅಗ್ಗ, ಆದರೆ ಅದು ನಿಮ್ಮನ್ನು ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ. ನುಡಿಸುವ ಜಾಗದ ಅರ್ಥಿಂಗ್ ಸರಿಯಿದೆಯೇ ಎಂದು ಪ್ರತಿ ಸಲ ನೋಡಿಕೊಳ್ಳಿ.

ಹಿಂಬದಿಯಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ, ಹೊರದೇಶಕ್ಕೆಂದೇ ಮಾಡಿದ ಟ್ವಿನ್‌ಗಳೂ ಇವೆ. ಅಂಥದ್ದು ಸಿಕ್ಕರೆ ಈ ತೊಂದರೆಯೇ ಇಲ್ಲ.

ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ಕೃತಜ್ಞತೆಗಳು. ಸ್ಟೀಲ್ ಹೊತ್ತುಕೊಂಡು ಎರಡು ಕಡೆಗೂ ಹೋಗಿ ಬಂದೆ. ಟ್ವಿನ್ ನೋಡಲು ಬಹಳ ಚೆಂದವಾಗಿತ್ತು, ಮೊದಲ ಹತ್ತು ನಿಮಿಷ ಅದನ್ನೇ ಕೊಳ್ಳುತ್ತೇನೆ ಎಂದುಕೊಂಡಿದ್ದೆ. ಅರ್ಧ ಗಂಟೆಯ ಮೇಲೆ, ಶಿಕಾಗೊದವರು ಬರೆದಂತೆ ಎಲ್ಲವನ್ನೂ ಸೊನ್ನೆಗಿಳಿಸಿ ನಾಲ್ಕನೆಯ ತಂತಿಯಲ್ಲಿ ಹದಿನಾಲ್ಕನೆಯ ಫ್ರೆಟ್‌ನಿಂದ ಮೇಲಕ್ಕೆ ಜಾರಿಸಿದಾಗ ಆ ನೆರಳು ಸ್ವರ ಸ್ಪಷ್ಟವಾಗಿ ಕೇಳಿಸಿತು. ಸ್ವರ ಏರುತ್ತಿದ್ದರೆ ಅದು ಇಳಿಯುತ್ತಿತ್ತು. ಮಾರುವವರಿಗೂ ಕೇಳಿಸಿದೆ, ಅವರಿಗೆ ಆಶ್ಚರ್ಯವಾಯಿತು.

ಸೆಷನ್ 400ನ ಹೊದಿಕೆ ಎರಡು ಕಡೆ ಹರಿದಿದೆ, ಒಂದು ಗುಬ್ಬಿ ಬೇರೆ ಯಾವುದೋ ಆಂಪ್‌ನದು. ಆದರೆ ಕೆಪಾಸಿಟರ್‌ಗಳನ್ನು ಮೂರು ವರ್ಷದ ಹಿಂದೆ ಬದಲಿಸಿದ ಚೀಟಿ ಇತ್ತು. ಮಿಡಲ್ ಇಳಿಸಿ, ಮೂರನೆಯ ಫ್ರೆಟ್‌ನಲ್ಲಿ ಮೇಳ ಹಿಡಿದು ಎರಡು ಪೆಡಲ್ ಒತ್ತಿದೆ. ಮೂರೂ ಸ್ವರಗಳು ಬಿಡಿಬಿಡಿಯಾಗಿ ಕೇಳಿಸಿದವು, ಬಲಗಾಲು ಪೂರ್ತಿ ಕೆಳಗಿಳಿದರೂ ಒಡೆಯಲಿಲ್ಲ. ಅದನ್ನೇ ತಂದಿದ್ದೇನೆ. ಡೀಲಕ್ಸ್ ಮನೆಯ ಅಭ್ಯಾಸಕ್ಕೆ ಉಳಿಯುತ್ತದೆ. ನಾಳೆ ಚಕ್ರ ಹಾಕಿಸಲು ಕೊಡುತ್ತೇನೆ.