ಸಹಾಯ ಬೇಕು: ಆರ್‌ಜಿಬಿ ಎಲ್‌ಇಡಿ ಕೊನೆಯಲ್ಲಿ ನಯವಾಗಿ ಆರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಆರ್ಡುಯಿನೊ ಊನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ 9, 10, 11ನೇ ಪಿನ್‌ಗಳಿಗೆ ಕಾಮನ್ ಕ್ಯಾಥೋಡ್ (ಮೂರು ಬಣ್ಣಕ್ಕೂ ಒಂದೇ ನೆಗೆಟಿವ್ ಕಾಲಿರುವ) ಆರ್‌ಜಿಬಿ ಎಲ್‌ಇಡಿ ಹಾಕಿದ್ದೇನೆ, ಮೂರು ಬಣ್ಣಕ್ಕೂ ಬೇರೆ ಬೇರೆ ರೆಸಿಸ್ಟರ್ ಇದೆ. ಕೆಂಪಿನಿಂದ ನೀಲಿಗೆ ಚೆನ್ನಾಗಿಯೇ ಬದಲಾಗುತ್ತದೆ, ನೋಡೋಕೆ ತುಂಬಾ ಖುಷಿ. ತೊಂದರೆ ಇರುವುದು ಬೆಳಕು ಪೂರ್ತಿ ಆರುವ ಹೊತ್ತಲ್ಲಿ. ಅನಲಾಗ್‌ರೈಟ್ ಬೆಲೆ (ಕೋಡ್‌ನಲ್ಲಿ ಕೊಡುವ ಬೆಳಕಿನ ಮಟ್ಟ, 0ಯಿಂದ 255) 5, 4, 3 ಅಂತ ಇಳಿಯುವಾಗ ಒಂದೊಂದು ಮೆಟ್ಟಿಲೂ ಕಣ್ಣಿಗೆ ಕಾಣುತ್ತದೆ, 1ರಿಂದ 0ಗೆ ಹೋದಾಗಂತೂ ಟಪ್ ಅಂತ ಆರಿಬಿಡುತ್ತದೆ. ಗಾಮಾ ಟೇಬಲ್ (ಬೆಳಕು ಕಣ್ಣಿಗೆ ಸಮನಾಗಿ ಬದಲಾದಂತೆ ಕಾಣಲು ಬೆಲೆಗಳನ್ನು ತಿದ್ದುವ ಪಟ್ಟಿ) ಹಾಕಿದ ಮೇಲೆ ನಡುವಿನ ಭಾಗ ಸರಿಹೋಯಿತು, ಆದರೆ ಕೆಳಗಿನ ಬೆಲೆಗಳೆಲ್ಲ 0 ಇಲ್ಲವೇ 1ಕ್ಕೇ ಬಂದು ನಿಲ್ಲುತ್ತವೆ. 8 ಬಿಟ್ (256 ಮಟ್ಟ) ಸಾಲುತ್ತಿಲ್ಲ ಅಲ್ವಾ?

16 ಬಿಟ್‌ನ ಟೈಮರ್ 1 (ಇನ್ನೂ ಸಣ್ಣ ಮೆಟ್ಟಿಲು ಕೊಡಬಲ್ಲ, ಊನೊ ಒಳಗಿನ ಟೈಮರ್) ಸಿಗುವುದು 9, 10ಕ್ಕೆ ಮಾತ್ರ. ಹಾಗಾದರೆ 11ರಲ್ಲಿರುವ ನೀಲಿಗೆ ಏನು ಮಾಡಲಿ? ಪಿಸಿಎ9685 ಎಂಬ ಎಲ್‌ಇಡಿ ನಡೆಸುವ ಬೇರೆ ಚಿಪ್ ಹಾಕಿದರೆ 12 ಬಿಟ್ ಸಿಗುತ್ತದೆ, ಆದರೆ ಒಂದು ಎಲ್‌ಇಡಿಗೆ ಅದು ಜಾಸ್ತಿ ಅನಿಸುತ್ತಿದೆ. ಊನೊದಲ್ಲೇ ಮೂರೂ ಬಣ್ಣ ನಯವಾಗಿ ಆರಿಸಿದವರು ಇದ್ದರೆ ದಯವಿಟ್ಟು ಕೋಡ್ ತೋರಿಸಿ.