ಪದಚರ್ಚೆ: ಮುಟ್ಟು, ಋತುಸ್ರಾವ, ಮೈನೆರೆ... ಹುಡುಗರಿಗೆ ಯಾವ ಪದ?

ಗೆಳೆಯರೇ,

ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಹರೆಯದ ಆರೋಗ್ಯದ ಪಾಠ ಮಾಡುತ್ತೇನೆ. ಪದ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಕೈಪಿಡಿಯಲ್ಲಿ 'ಋತುಸ್ರಾವ' ಅಂತಿತ್ತು. "ಋತು ಅಂದ್ರೆ ಗೊತ್ತಲ್ವಾ?" ಅಂದೆ. "ಗೊತ್ತು ಮಿಸ್, ವಸಂತ, ಗ್ರೀಷ್ಮ..." ಅಂತ ಶುರು ಮಾಡಿದರು! 'ಮಾಸಿಕ' ಅಂದರೆ ಬೇರೆ ತೊಡಕು. ಹೆಸರಲ್ಲೇ ತಿಂಗಳಿದ್ದರೆ, 35 ದಿನಕ್ಕೊಮ್ಮೆ ಆಗುವ ಹುಡುಗಿ ತನಗೇನೋ ರೋಗ ಅಂತ ಹೆದರುತ್ತಾಳೆ. 21ರಿಂದ 35 ದಿನದ ಅಂತರ ಸಹಜ, ಮೊದಲ ಒಂದೆರಡು ವರ್ಷ ಇನ್ನೂ ಏರುಪೇರಾಗಬಹುದು ಅಂತ ಬಿಡಿಸಿ ಹೇಳಬೇಕಾಯಿತು.

ಊರಿನ ಮಾತು 'ಹೊರಗಾಗಿದ್ದಾಳೆ', 'ಮುಟ್ಟಾಗಿದ್ದಾಳೆ'. ಈ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ 'ಹೊರಗೆ' ಎಂಬುದು ಸುಮ್ನೆ ಆಡುವ ಮಾತಲ್ಲ. ಮುಟ್ಟಾದವರನ್ನು ನಿಜಕ್ಕೂ ಇರಿಸುವ, ಹಟ್ಟಿಯಾಚೆಗಿನ ಗುಡಿಸಲು. ಹಾಗಾಗಿ ಅದನ್ನು ಬಿಟ್ಟೆ. 'ಮುಟ್ಟು' ಬಿಡಲು ಮನಸ್ಸಿಲ್ಲ. ಚಿಕ್ಕ ಪದ, ಎಲ್ಲರಿಗೂ ಗೊತ್ತು. ಆದರೆ ಇದು ಮುಟ್ಟಬಾರದು ಎಂಬ ಕಟ್ಟಳೆಯಿಂದಲೇ ಹುಟ್ಟಿದ್ದಾ? 'ಬೇಸಾಯದ ಮುಟ್ಟು' (ಸಲಕರಣೆ) ಅನ್ನುವಾಗಿನ ಮುಟ್ಟಿಗೂ ಇದಕ್ಕೂ ನಂಟಿದೆಯಾ? ಬಲ್ಲವರು ಹೇಳಬೇಕು.

ನನಗೆ ಜಾಸ್ತಿ ಇಷ್ಟವಾದದ್ದು 'ಮೈನೆರೆ'. ನೆರೆ ಅಂದರೆ ತುಂಬು, ಪೂರ್ತಿಯಾಗು. ಮೈಲಿಗೆಯ ಸುಳಿವೇ ಇಲ್ಲ. ಏನು ಮಾಡುವುದು, ಅದು ಮೊದಲ ಸಲಕ್ಕೆ ಮಾತ್ರ ಸಲ್ಲುತ್ತದೆ. (ಅಂದಹಾಗೆ, 'ಬಿಳಿಸೆರಗು' ಪದದೊಳಗೆ ಸೆರಗು ಹೇಗೆ ಬಂತು?)

ಹುಡುಗರ ಕಡೆ ಬಂದರೆ ಪದಗಳ ಬರ. 'ಗಂಟಲು ಒಡೀತು', 'ಮೀಸೆ ಚಿಗುರಿತು' ತನಕ ಸರಾಗ. ಆಮೇಲೆ 'ಸ್ವಪ್ನಸ್ಖಲನ', ಅಂದರೆ ನಿದ್ದೆಯಲ್ಲಿ ತಾನಾಗಿ ವೀರ್ಯ ಹೊರಬರುವುದು. ಬೋರ್ಡಿನ ಮೇಲೆ ಬರೆದರೆ ಮೂರು ಒತ್ತಕ್ಷರ ನೋಡಿ ಕಣ್ಣು ಬಿಡುತ್ತಾರೆ. ಅವರವರಲ್ಲೇ ಆಡುವ ಮಾತನ್ನು ನಾನು ಬೋರ್ಡಿನ ಮೇಲೆ ಬರೆಯಲಾರೆ. ಇದು ರೋಗವಲ್ಲ, ಇದರಿಂದ ಶಕ್ತಿ ಸೋರಿಹೋಗುವುದಿಲ್ಲ ಅಂತ ಹೇಳಬೇಕಾದ ಕಡೆಯೇ ನನ್ನ ಮಾತು ಕಟ್ಟುತ್ತದೆ. ಬಸ್‌ ನಿಲ್ದಾಣದ ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತಿಗೆ ಅಂಥ ತೊಡಕೇನೂ ಇಲ್ಲ. ಹುಡುಗರು ಅದನ್ನೇ ಓದಿಕೊಂಡು ಬಂದಿರುತ್ತಾರೆ.

ಹೆಣ್ಣಿಗೆ 'ಮೈನೆರೆ' ಇದ್ದ ಹಾಗೆ ಗಂಡಿಗೂ ಹಳೆಯ ಮಾತೇನಾದರೂ ಇತ್ತಾ? 'ಪ್ರಾಯಕ್ಕೆ ಬಂದ' ಅನ್ನುವುದು ತೀರಾ ಸಡಿಲ. ನಿಮ್ಮ ಸೀಮೆಯ ಅಜ್ಜಿಯರು, ಅಜ್ಜಂದಿರು ಏನನ್ನುತ್ತಿದ್ದರು? ಧಾರವಾಡ, ಬೀದರ್, ಕರಾವಳಿ ಕಡೆಯವರು ದಯವಿಟ್ಟು ಬರೆಯಿರಿ. ಹೊಸ ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.